ಕತ್ತರಿಸಿದ ಅಂಚು

ಜೂನ್ ೯, ಭಾನುವಾರ

ತಂಗೀ,

ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ ಎಂದು ಬೇಡಿಕೊಂಡು ಬರೆಯುತ್ತಿದ್ದೇನೆ. ನಿನ್ನ ಮಗಳು ಚೂಟಿ ನನ್ನ ಮನೆಗೆ ಬಂದು ಇವತ್ತಿಗೆ ಐದು ವಾರ. ಉಂಡು, ಮಲಗಿ, ಶಾಲೆಗೆ ಹೋಗಿ ಬಂದು ಮಾಡಿಕೊಂಡಿದ್ದಾಳೆ. ಅಂಗಡಿಯ ಫೋನಿನಲ್ಲಾದರೆ ಇಷ್ಟು ಹೇಳುವಷ್ಟರಲ್ಲಿ ಮುಗಿದುಹೋಗುತ್ತದೆ. ಹಿಂದೆ ನಾಲ್ಕು ಜನ ಕಿವಿ ಕೊಟ್ಟುಕೊಂಡು ನಿಂತಿರುತ್ತಾರೆ. ಅಂಗಡಿಯವನಂತೂ ನಾನು ಹೇಳಲು ಮರೆತದ್ದನ್ನು ತಾನೇ ನೆನಪಿಸಿಕೊಡುತ್ತಾನೆ. ಮನೆಯ ಮಾತು ಬೀದಿಗೆ ಬೇಡ ಅಂತ ಕಾಗದ ಹಿಡಿದೆ. ಹಳ್ಳಿ ಶಾಲೆಯ ಏಳನೇ ಕ್ಲಾಸಿನ ಬರಹ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಾನು ಬೀಗ ತೆಗೆದು ಗುಡಿಸುವ ಸಮುದಾಯ ಭವನದಲ್ಲಿ ಮಕ್ಕಳ ಚಿತ್ರ ಶಿಬಿರ ಶುರುವಾಗಿದೆ. ಶನಿವಾರ, ಭಾನುವಾರ. ಬೀದಿಯ ಯಾವ ಮಕ್ಕಳು ಬೇಕಾದರೂ ಬರಬಹುದು, ಕಾಗದ ಬಣ್ಣ ಎಲ್ಲ ಅವರದೇ. ಕಲಿಸುವಾಕೆಯನ್ನು ಎಲ್ಲರೂ ಚಿತ್ರದ ಟೀಚರ್ ಅನ್ನುತ್ತಾರೆ. ತೆಳ್ಳಗೆ ಕಡ್ಡಿಯ ಹಾಗಿದ್ದರೂ ಗಂಟಲು ಮಾತ್ರ ಬಸ್‌ಸ್ಟ್ಯಾಂಡಿಗೆ ಕೇಳುವಂಥದ್ದು. ಆಕೆಯದು ಒಂದೇ ಕಟ್ಟಳೆ: ಸ್ವಲ್ಪ ಬರೆಯಬೇಕು, ಎದ್ದು ಎರಡು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಬೇಕು, ಮತ್ತೆ ಬರೆಯಬೇಕು. "ಎರಡು ಹೆಜ್ಜೆ ಹಿಂದೆ!" ಅಂತ ಕೂಗಿದರೆ ಇಪ್ಪತ್ತು ಮಕ್ಕಳೂ ಒಟ್ಟಿಗೆ ಹಿಂದೆ ಸರಿಯುತ್ತವೆ, ಹಿಂದೆ ಪೊರಕೆ ಹಿಡಿದು ನಿಂತಿರುವ ನನ್ನ ಕಾಲು ಪಚಡಿ. ಮಕ್ಕಳು ನನಗೆ ಬೀಗದಮ್ಮ ಅಂತ ಹೆಸರಿಟ್ಟಿದ್ದಾರೆ. ಇರಲಿ, ಕೀಲಿ ಗೊಂಚಲು ಸೊಂಟದಲ್ಲಿರುವಾಗ ಇನ್ನೇನು ಕರೆಯುತ್ತಾರೆ?

ಚೂಟಿಗೆ ಬಣ್ಣ ಅಂದರೆ ಹುಚ್ಚು. ಬೋರ್ಡ್ ಬರೆಯುತ್ತಿದ್ದ ನಮ್ಮಪ್ಪನ ಕೈ ಬಂದಿದೆ. ಏಣಿಯಿಂದ ಬೀಳಿಸಿ ಅವರ ಪ್ರಾಣ ತೆಗೆದ ಕುಡಿತದ ಚಟವೊಂದು ಬರದಿರಲಿ ಅಂತ ದಿನಾ ದೇವರಿಗೆ ಕೈಮುಗಿಯುತ್ತೇನೆ.

ಆದರೆ ತಂಗೀ, ಅವಳಿಗೆ ಚೂಟಿ ಅಂತ ಹೆಸರಿಟ್ಟವಳು ನಾನೇ, ಈಗ ಆ ಹೆಸರು ಕರೆಯಲು ನನಗೇ ನಗು ಬರುತ್ತದೆ. ನೀರಿನ ಬಕೆಟ್ಟನ್ನು ಮೂರು ಸಲ ಒದ್ದು ಉರುಳಿಸಿದ್ದಾಳೆ. ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುತ್ತಾಳೆ. ಪಕ್ಕದಲ್ಲಿ ನಿಂತು ಚಹಾ ಲೋಟ ನೀಡಿದರೆ ನನ್ನ ಕೈ ಹಾಗೇ ಗಾಳಿಯಲ್ಲಿ ಉಳಿಯುತ್ತದೆ, ನೋಡಿದರೂ ನೋಡದವಳ ಹಾಗೆ. "ಕಣ್ಣೆಲ್ಲಿ ಇಟ್ಟಿದ್ದೀಯೇ?" ಅಂತ ಬೈದೆ. ಮೊದಲು ನಕ್ಕಳು. ಆಮೇಲೆ ನಗಲಿಲ್ಲ.

ಇನ್ನೊಂದು. ಸಂಜೆ ಬೆಳಕು ಇಳಿಯಿತೆಂದರೆ ಹೊಸ್ತಿಲು ದಾಟುವುದಿಲ್ಲ. ಎದುರಿನ ಅಂಗಡಿಗೆ ಹೋಗಿ ಬಾ ಅಂದರೂ ತಲೆನೋವು ಅನ್ನುತ್ತಾಳೆ. ಹದಿನಾಲ್ಕು ವರ್ಷದ ಹುಡುಗಿ. ಬೀದಿಯಲ್ಲಿ ಯಾರಾದರೂ ಕಾಡುತ್ತಿದ್ದಾರೋ ಏನೋ ಅಂತ ನನ್ನ ಎದೆ ಹೊಡೆದುಕೊಳ್ಳುತ್ತಿದೆ. ಅಲ್ಲಿದ್ದಾಗ ಏನಾದರೂ ನಡೆದಿತ್ತಾ? ಮುಚ್ಚಿಡದೆ ಬರೆ.

ನಿನ್ನ ಅಕ್ಕ


ಜೂನ್ ೨೧, ಶುಕ್ರವಾರ

ಅಕ್ಕಾ,

ನಮಸ್ಕಾರ. ನಿನ್ನ ಕಾಗದ ತಲುಪಿತು. ಇಲ್ಲಿ ಏನೂ ನಡೆದಿಲ್ಲ, ಹೆದರಬೇಡ. ಗಾರ್ಮೆಂಟ್ಸಿನಲ್ಲಿ ಪಾಳಿ ಜಾಸ್ತಿ, ಅವಳೊಬ್ಬಳೇ ಮನೆಯಲ್ಲಿ ಇರುವುದು ಬೇಡ ಅಂತ ನಿನ್ನ ಹತ್ತಿರ ಕಳಿಸಿದೆ, ಅಷ್ಟೇ.

ಎರಡು ವಿಷಯ ಕೇಳುತ್ತೇನೆ, ಯಾಕೆ ಅಂತ ಕೇಳಬೇಡ. ಅವಳು ಬಕೆಟ್ ಒದ್ದದ್ದು ಬೆಳಗ್ಗೆಯೋ ಸಂಜೆಯೋ? ಚಿತ್ರ ಬರೆಯುವಾಗ ಕಾಗದದ ಅಂಚಿನವರೆಗೆ ಬರೆಯುತ್ತಾಳಾ? ಅವಳು ಬರೆದ ಚಿತ್ರಗಳನ್ನು ನನಗೆ ಕಳಿಸು. ನಿನಗೆ ಚೆಂದ ಕಂಡದ್ದನ್ನಲ್ಲ, ಯಾವುದಾದರೂ ಮೂರು. ಬೇಗ ಕಳಿಸು.

ಅವಳಿಗೆ ಬೈಯಬೇಡ ಅಕ್ಕಾ. ಕಣ್ಣಿನ ಮಾತು ಎತ್ತಿ ಬೈಯಬೇಡ.

ನಿನ್ನ ತಂಗಿ


ಜುಲೈ ೩, ಬುಧವಾರ

ತಂಗೀ,

ಎರಡು ಸಾಲಿನ ಕಾಗದ ಬರೆದು ಅದರಲ್ಲೂ ಅಪ್ಪಣೆ ಮಾಡುತ್ತೀಯಲ್ಲ, ಚಿಕ್ಕವಳಿದ್ದಾಗಿನ ಬುದ್ಧಿ ಇನ್ನೂ ಹೋಗಿಲ್ಲ. ಅಕ್ಷರ ಬೇರೆ ಹೆಬ್ಬೆರಳಿನ ಗಾತ್ರ! ನನಗೆ ಐವತ್ತಾಯಿತು ನಿಜ, ಮುದುಕಿಯಾಗಿಲ್ಲ, ಸಣ್ಣಕ್ಷರವೂ ಕಾಣುತ್ತದೆ. ಸಾಲುಗಳೆಲ್ಲ ಗುಡ್ಡ ಹತ್ತಿಕೊಂಡು ಹೋಗಿವೆ. ನಮ್ಮ ಮೇಷ್ಟ್ರು ನೋಡಿದ್ದರೆ ಬೆತ್ತ ಹುಡುಕುತ್ತಿದ್ದರು.

ಬಕೆಟ್ ಒದ್ದದ್ದು ಯಾವಾಗ ಅಂತ ನಾನು ಬರೆದಿಡುತ್ತೇನಾ? ಒಂದು ಸಲ ಹಾಡಹಗಲಲ್ಲೇ. ಈಗ ಬಕೆಟ್ಟನ್ನೇ ಬೇರೆ ಕಡೆ ಇಟ್ಟಿದ್ದೇನೆ.

ಮೂರು ಚಿತ್ರ ಈ ಲಕೋಟೆಯಲ್ಲಿವೆ. ಒಂದರಲ್ಲಿ ನಮ್ಮ ಕಿಟಕಿ, ಒಂದರಲ್ಲಿ ನನ್ನ ಕೀಲಿ ಗೊಂಚಲು, ಇನ್ನೊಂದು ನೀನೇ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತಿದ್ದೀಯ. ದಾರದ ಎಳೆ ಸೂಜಿಯ ಕಣ್ಣಿಗೆ ಹೋಗುವುದನ್ನೂ ಬಿಟ್ಟಿಲ್ಲ ನೋಡು. ಟೀಚರ್ ಅದನ್ನು ಹಿಡಿದುಕೊಂಡು "ಇಷ್ಟು ನಾಜೂಕು ಕೆಲಸ ನನಗೂ ಬರಲ್ಲಮ್ಮ" ಅಂದರು. ದೇವರೇ, ದೃಷ್ಟಿ ತಾಗದಿರಲಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಈ ತಿಂಗಳ ಕೊನೆಗೆ ಭವನದ ಹೊರಗೋಡೆಯ ಮೇಲೆ ಎಲ್ಲ ಮಕ್ಕಳೂ ಸೇರಿ ದೊಡ್ಡ ಚಿತ್ರ ಬರೆಯುತ್ತಾರಂತೆ. ನಿನ್ನ ಒಪ್ಪಿಗೆ ಬೇಕು ಅಂತ ಟೀಚರ್ ಹೇಳಿದ್ದಾರೆ, ಬರೆದು ಕಳಿಸು.

ನನ್ನ ಸುದ್ದಿ ಏನಿರುತ್ತದೆ? ಹದಿನೇಳು ಕೀಲಿಗಳಿಗೂ ಒಳ್ಳೆಯ ದಪ್ಪ ಕಾಗದದ ಚೀಟಿ ಕಟ್ಟಿ ಹೆಸರು ಬರೆದಿದ್ದೇನೆ. ಇನ್ನು ಉಗ್ರಾಣದ ಕೀಲಿ ಹಿಡಿದು ಶೌಚಾಲಯದ ಬಾಗಿಲ ಮುಂದೆ ಒದ್ದಾಡುವುದು ತಪ್ಪಿತು.

ಚೂಟಿ ಸಂಜೆ ಹೊರಗೆ ಹೋಗದಿರುವುದು ಹಾಗೇ ಇದೆ. ನಾನು ಕಣ್ಣಿಟ್ಟಿದ್ದೇನೆ. ಯಾವನೇ ಆಗಲಿ, ಸಿಕ್ಕಿದರೆ ನನ್ನ ಪೊರಕೆಗೆ ಬಾಯಿ ಬರುತ್ತದೆ.

ನಿನ್ನ ಅಕ್ಕ


ಜುಲೈ ೧೫, ಸೋಮವಾರ

ಅಕ್ಕಾ, ನನ್ನಕ್ಕಾ,

ಚಿತ್ರ ಬಂದವು. ಬಾಗಿಲು ಹಾಕಿಕೊಂಡು ಅತ್ತೆ. ಹೆದರಬೇಡ, ಇದು ಸಂತೋಷದ ಅಳು.

ಅಂಚಿನವರೆಗೆ ತುಂಬಿ ಬರೆದಿದ್ದಾಳೆ! ಕಿಟಕಿಯ ಚೌಕಟ್ಟು ಕಾಗದದ ಕೊನೆಗೆ ಹೋಗಿ ಮುಟ್ಟಿದೆ. ನನ್ನ ಸೀರೆಯ ಸೆರಗು ಕಾಗದದಿಂದ ಹೊರಗೇ ಹೋಗುತ್ತಿದೆ. ಒಂದು ಬೆರಳಗಲ ಜಾಗ ಖಾಲಿ ಇಲ್ಲ. ಮೂರನ್ನೂ ಗೋಡೆಗೆ ಸಾಲಾಗಿ ಅಂಟಿಸಿ, ದೂರ ನಿಂತು ನೋಡಿದೆ, ಹತ್ತಿರ ಬಂದು ನೋಡಿದೆ. ಪಕ್ಕದ ಮನೆಯಾಕೆಯನ್ನು ಕರೆದು "ಸುತ್ತ ಎಲ್ಲೂ ಬಿಳಿ ಬಿಟ್ಟಿಲ್ಲ ತಾನೇ?" ಅಂತ ಕೇಳಿದೆ. "ಇಲ್ಲ ಕಣೇ, ಯಾಕೆ, ಬಿಳಿ ಬಿಟ್ಟರೆ ಪೊಲೀಸರು ಹಿಡೀತಾರಾ?" ಅಂದಳು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ನಕ್ಕೆ.

ನನಗೊಂದು ಹೆದರಿಕೆ ಇತ್ತು. ಈಗ ಇಲ್ಲ. ಏನದು ಅಂತ ಕೇಳಬೇಡ, ಹೋದ ಪೀಡೆಯ ಹೆಸರು ಎತ್ತುವುದು ಬೇಡ. ಬಕೆಟ್ ಒದ್ದದ್ದು ಬರೀ ವಯಸ್ಸಿನ ಅಜಾಗರೂಕತೆ.

ಗೋಡೆಯ ಚಿತ್ರಕ್ಕೆ ನನ್ನ ಒಪ್ಪಿಗೆ ಇದೆ. ಬರೆಯಲಿ. ಎಷ್ಟು ಬೇಕೋ ಅಷ್ಟು ಬರೆಯಲಿ.

ನಿನ್ನ ತಂಗಿ


ಜುಲೈ ೨೮, ಭಾನುವಾರ

ತಂಗೀ,

ನಿನ್ನ ಸಂತೋಷದ ಕಾಗದ ದೇವರ ಪಟದ ಹಿಂದೆ ಇಟ್ಟಿದ್ದೇನೆ. ಆದರೆ ನಿನ್ನ ಹೆದರಿಕೆ ನಿನ್ನನ್ನು ಬಿಟ್ಟು ನನ್ನ ಮನೆಗೆ ಬಂದು ಕೂತ ಹಾಗಿದೆ.

ಗೋಡೆಯ ಕೆಲಸ ಶುರುವಾಗಿದೆ. ಶಾಲೆ ಬಿಟ್ಟ ಮೇಲೆ ದಿನಾ ನಾಲ್ಕರಿಂದ ಆರರವರೆಗೆ. ಕಟ್ಟಡ ಕಟ್ಟುವಾಗ ಕಟ್ಟುತ್ತಾರಲ್ಲ, ಹಾಗೆ ಬೊಂಬಿನ ಸಾರುವೆ ಕಟ್ಟಿ ಮೇಲೆ ಹಲಗೆ ಹಾಸಿದ್ದಾರೆ, ಎರಡಾಳೆತ್ತರ. ಹಿಂದೆ ಸೊಂಟಮಟ್ಟ ಒಂದು ಅಡ್ಡ ಬೊಂಬು ಇದೆ. ಬಣ್ಣದ ಬಕೆಟ್ ಎತ್ತಿಕೊಳ್ಳಲು ಒಂದು ತುದಿಯಲ್ಲಿ ಮಾತ್ರ ಬೊಂಬಿಲ್ಲ. ಸಾರುವೆಯ ಮೇಲೆ "ಎರಡು ಹೆಜ್ಜೆ ಹಿಂದೆ" ಆಟ ಇಲ್ಲ, ನೋಡಬೇಕಾದವರು ಕೆಳಗಿಳಿದು ರಸ್ತೆಯ ಆಚೆ ನಿಂತು ನೋಡಬೇಕು ಅಂತ ಟೀಚರ್ ಎಲ್ಲರ ಕಿವಿ ಹಿಂಡಿ ಹೇಳಿದ್ದಾರೆ. ಹಕ್ಕಿಗಳ ರೆಕ್ಕೆಯ ಸಣ್ಣ ಕೆಲಸಕ್ಕೆ ಚೂಟಿಯೇ ಬೇಕು ಅಂತ ಅವಳನ್ನು ಮೇಲೆ ಹತ್ತಿಸಿದ್ದಾರೆ.

ಸಾರುವೆ ಕಟ್ಟಿದ ಬಡಗಿ ಒಬ್ಬನಿದ್ದಾನೆ. ನಲವತ್ತರ ಆಸುಪಾಸು, ಮಾತು ಕಡಿಮೆ. ಅವನ ಕೆಲಸ ಮುಗಿದು ವಾರವಾಯಿತು, ಆದರೂ ದಿನಾ ಸಂಜೆ ಬಂದು ಸಾರುವೆಯ ಕೆಳಗೆ ನಿಲ್ಲುತ್ತಾನೆ. ಯಾಕೆ? ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಮೊನ್ನೆ ಗುರುವಾರ ನೋಡುತ್ತೇನೆ, ಚೂಟಿ ಏಣಿ ಇಳಿಯುವಾಗ ಅವಳ ಕೈ ಹಿಡಿದುಕೊಂಡಿದ್ದಾನೆ. ಇಳಿದ ಮೇಲೂ ಬಿಡದೆ ಭವನದ ಮೆಟ್ಟಿಲವರೆಗೆ ಕರೆದುಕೊಂಡು ಬಂದ.

"ಏನಯ್ಯಾ, ನಿನಗೆ ಅಕ್ಕತಂಗಿಯರಿಲ್ವಾ? ಹುಡುಗಿ ಕೈ ಬಿಡು!" ಅಂದೆ, ಇಡೀ ಬೀದಿಗೆ ಕೇಳುವ ಹಾಗೆ.

"ಅಮ್ಮ, ಮೋಡಕ್ಕೆ ಬೆಳಕು ಇಳಿದಿದೆ. ಅವಳಿಗೆ ಮೆಟ್ಟಿಲು..." ಅಂತ ಏನೋ ಶುರು ಮಾಡಿದ.

"ಮೆಟ್ಟಿಲು ಗಿಟ್ಟಿಲು ನಂಗೆ ಹೇಳ್ಬೇಡ. ನಾಳೆಯಿಂದ ಇಲ್ಲಿ ಕಾಣಿಸಿಕೊಂಡರೆ ನಿನ್ನ ಉಳಿ ಸುತ್ತಿಗೆ ನಿನ್ನ ತಲೆ ಮೇಲೆ!"

ಅವನು ಚೂಟಿಯ ಕಡೆ ಒಮ್ಮೆ ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಅವತ್ತಿಂದ ಬಂದಿಲ್ಲ. ಚೂಟಿ ಮಾತ್ರ "ದೊಡ್ಡಮ್ಮ, ಅವರು ಹಾಗಲ್ಲ, ಯಾರೂ ನನ್ನ ಕಾಡಿಲ್ಲ" ಅಂತ ಅಳುತ್ತಾಳೆ. ಹಾಗಾದರೆ ಸಂಜೆ ಆದರೆ ಯಾಕೆ ಹೆದರುತ್ತೀಯ ಅಂದರೆ ಬಾಯಿ ಬಿಡುವುದಿಲ್ಲ. ಇವತ್ತು ಭಾನುವಾರ, ಮೂರು ದಿನದಿಂದ ಸರಿಯಾಗಿ ಊಟ ಸೇರುತ್ತಿಲ್ಲ, ಅವಳಿಗೂ ನನಗೂ.

ನಿನ್ನ ಮುಂದೆ ಒಂದು ತಪ್ಪೊಪ್ಪಿಕೊಳ್ಳಬೇಕು. ನಿನ್ನ ಕಾಗದ ಟೀಚರಿಗೆ ಓದಿ ಹೇಳಿದೆ, ಅಂಚಿನವರೆಗೆ ಬರೆದಿದ್ದಾಳೆ ಅಂತ ನೀನು ಹಿಗ್ಗಿದ್ದನ್ನು. ಆಕೆ ಹುಬ್ಬು ಗಂಟಿಕ್ಕಿ "ಅಂಚಿನವರೆಗಾ? ಅವಳು ಯಾವಾಗಲೂ ನಡುವಿನಲ್ಲೇ ಬರೀತಾಳಲ್ಲ. ಮೊದಮೊದಲು ತಟ್ಟೆಯಷ್ಟು ಬರೀತಿದ್ದಳು, ಈಗ ಅಂಗೈಯಷ್ಟು. ಸುತ್ತ ಎಲ್ಲ ಖಾಲಿ" ಅಂದರು. ಆಗ ನನಗೆ ನಾಚಿಕೆಯಾಯಿತು. ಆ ಖಾಲಿ ಕಾಗದ ಕತ್ತರಿಸಿದವಳು ನಾನು. ಲಕೋಟೆಗೆ ಹಿಡಿಸುತ್ತಿರಲಿಲ್ಲ, ಸುತ್ತ ಬರೀ ಬಿಳಿ ಇದ್ದರೆ ನಿನಗೆ ಮಗಳು ಸೋಮಾರಿ ಅನ್ನಿಸೀತು ಅಂತಲೂ ಇತ್ತು. ಅಂಥ ಒಳ್ಳೆಯ ಕಾಗದ ಎಸೆಯಲು ಮನಸ್ಸು ಬರದೆ ಅದರಲ್ಲೇ ಕೀಲಿಗಳಿಗೆ ಚೀಟಿ ಮಾಡಿದೆ. ಹೇಳದೆ ಮಾಡಿದ್ದು ತಪ್ಪೇ. ಕಾಗದದ ವಿಷಯ, ದೊಡ್ಡದು ಮಾಡಬೇಡ.

ಚೂಟಿಗೆ ನೀನೊಂದು ಕಾಗದ ಬರೆದು ಕೇಳು, ಯಾರಿಗೆ ಹೆದರುತ್ತಿದ್ದೀಯ ಅಂತ. ನನಗೆ ಹೇಳದ್ದನ್ನು ಹೆತ್ತವಳಿಗೆ ಹೇಳಿಯಾಳು.

ನಿನ್ನ ಅಕ್ಕ


ತಂತಿ
ಆಗಸ್ಟ್ ೬

ಚೂಟಿಯನ್ನು ಸಾರುವೆಯಿಂದ ಇಳಿಸು. ಮತ್ತೆ ಹತ್ತಲು ಬಿಡಬೇಡ. ಕಾಗದ ಬರುತ್ತಿದೆ.


ಆಗಸ್ಟ್ ೬, ಮಂಗಳವಾರ

ಅಕ್ಕಾ,

ತಂತಿ ಕೊಟ್ಟು ಬಂದು ಬರೆಯುತ್ತಿದ್ದೇನೆ. ಅಂಗಡಿಗೆ ಫೋನ್ ಮಾಡಿದರೆ ಲೈನು ಸಿಗುತ್ತಿಲ್ಲ. ಸಾಲು ಸೊಟ್ಟಗಿದ್ದರೆ ಈ ಸಲ ನಗಬೇಡ.

ಅಪ್ಪ ಕುಡಿಯುತ್ತಿರಲಿಲ್ಲ.

ಒಂದು ದಿನವೂ ಕುಡಿದವರಲ್ಲ. ನೀನು ಮದುವೆಯಾಗಿ ಹೋದ ಮೇಲೆ ಅವರ ಕಣ್ಣು ಹೋಗತೊಡಗಿತು. ಎದುರಿಗೆ ಇರುವುದು ಕಾಣುತ್ತಿತ್ತು, ಸಾಸಿವೆಯಷ್ಟಿದ್ದರೂ ಕಾಣುತ್ತಿತ್ತು. ಪಕ್ಕದ್ದು ಕಾಣುತ್ತಿರಲಿಲ್ಲ. ಕೊಳವೆಯಲ್ಲಿ ಕಣ್ಣಿಟ್ಟು ನೋಡಿದ ಹಾಗೆ ಅನ್ನುತ್ತಿದ್ದರು. ಸಂಜೆಯಾದರೆ ಅದೂ ಇಲ್ಲ. ಅವರು ಬರೆಯುವ ಬೋರ್ಡುಗಳಲ್ಲಿ ಅಕ್ಷರವೆಲ್ಲ ನಡುವಿಗೆ ಬಂದು ಮುದುಡಿಕೊಂಡವು, ಸುತ್ತ ಹಲಗೆಯೆಲ್ಲ ಖಾಲಿ. "ಅಂಗಡಿ ದೊಡ್ಡದು ಪೇಂಟರೇ, ಹೆಸರು ಯಾಕೆ ಗುಬ್ಬಚ್ಚಿ ಹಾಗೆ ಕೂತಿದೆ?" ಅಂತ ಗಿರಾಕಿಗಳು ಆಡಿಕೊಂಡು ನಗುತ್ತಿದ್ದರು. ಕೆಲಸಕ್ಕೆ ಅವರನ್ನು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವಳು ನಾನು. ನನಗಾಗ ಹತ್ತು, ಹನ್ನೊಂದು. ಬಿದ್ದ ದಿನವೂ ನಾನು ಕೆಳಗೆ ನಿಂತಿದ್ದೆ. ಬರೆದದ್ದು ಪೂರ್ತಿ ಕಾಣಲಿ ಅಂತ ಏಣಿಯ ಮೇಲಿದ್ದ ಹಲಗೆಯಲ್ಲಿ ಒಂದು ಹೆಜ್ಜೆ ಹಿಂದೆ ಇಟ್ಟರು. ಕೂಗುವಷ್ಟು ಹೊತ್ತೂ ಸಿಗಲಿಲ್ಲ ನನಗೆ.

ವಂಶದಲ್ಲಿ ಕಣ್ಣಿನ ರೋಗ ಅಂತ ಗೊತ್ತಾದರೆ ನನಗೆ ಗಂಡು ಸಿಗುವುದಿಲ್ಲ, ನಿನ್ನನ್ನು ಗಂಡನ ಮನೆಯವರು ವಾಪಸು ಕಳಿಸುತ್ತಾರೆ ಅಂತ ಅಮ್ಮನೇ ಕುಡಿತದ ಕತೆ ಕಟ್ಟಿದಳು. ಕುಡುಕ ಅಂದರೆ ಅವನೊಬ್ಬನ ತಪ್ಪು ಅನ್ನುತ್ತಾರೆ, ಅದು ಮಕ್ಕಳಿಗೆ ಅಂಟುವುದಿಲ್ಲ ಅಂದಳು. ತಲೆ ಮೇಲೆ ಕೈ ಇಡಿಸಿಕೊಂಡು ನನ್ನಿಂದ ಆಣೆ ಮಾಡಿಸಿದಳು.

ಇನ್ನೊಂದೂ ಬರೆದುಬಿಡುತ್ತೇನೆ. ನನಗೂ ಬಂದಿದೆ. ಮೂರು ವರ್ಷವಾಯಿತು. ಮಾರ್ಚ್ ತಿಂಗಳಲ್ಲಿ ಬೆರಳನ್ನು ಸೂಜಿಯ ಕೆಳಗೆ ಕೊಟ್ಟುಕೊಂಡ ಮೇಲೆ ನನ್ನನ್ನು ಯಂತ್ರದಿಂದ ಎಬ್ಬಿಸಿ ಬಟ್ಟೆ ಮಡಚಲು ಹಾಕಿದ್ದಾರೆ. ರಸ್ತೆ ದಾಟುವಾಗ ಚೂಟಿ ನನ್ನ ಕೈ ಹಿಡಿಯಲು ಶುರು ಮಾಡಿದಳು. ನಾನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಅಪ್ಪನ ಕೈ ಹಿಡಿದು ನಡೆದ ನನ್ನ ಬಾಲ್ಯ ಅವಳಿಗೆ ಬೇಡ ಅಂತ ನಿನ್ನ ಹತ್ತಿರ ಕಳಿಸಿದೆ. ಪಾಳಿ ಗೀಳಿ ಎಲ್ಲ ಸುಳ್ಳು.

ಅವಳನ್ನು ಕೂರಿಸು. ನೇರ ಮುಂದೆ ನೋಡಲು ಹೇಳು. ಅವಳ ಕಿವಿಯ ಪಕ್ಕ ನಿನ್ನ ಕೈ ಇಟ್ಟು ಮೆಲ್ಲಗೆ ಮುಂದಕ್ಕೆ ತಾ. ಎಲ್ಲಿ ಕಂಡಿತು ಅಂತ ಕೇಳು. ಸಾಮಾನ್ಯರಿಗೆ ಕಿವಿ ದಾಟುತ್ತಲೇ ಕಾಣುತ್ತದೆ.

ಮೂರು ವಾರ ನಾನು ನೆಮ್ಮದಿಯಾಗಿ ಮಲಗಿದೆ ಅಕ್ಕಾ. ಅದರಲ್ಲಿ ಎರಡು ವಾರ ಅವಳು ಎರಡಾಳೆತ್ತರದಲ್ಲಿ ನಿಂತಿದ್ದಳು, ನನ್ನ ಒಪ್ಪಿಗೆಯ ಮೇಲೆ.

ನಿನ್ನ ತಂಗಿ


ಆಗಸ್ಟ್ ೭, ಬುಧವಾರ

ತಂಗೀ,

ನಿನ್ನ ತಂತಿ ಬಂತು, ಕಾಗದ ಇನ್ನೂ ಬಂದಿಲ್ಲ. ಅದು ಬರುವವರೆಗೆ ಕಾಯಲಾರದೆ ಬರೆಯುತ್ತಿದ್ದೇನೆ. ಮೊದಲ ಮಾತು: ಅವಳು ಇಲ್ಲೇ ಇದ್ದಾಳೆ, ನನ್ನ ಮಗ್ಗುಲಲ್ಲಿ, ಮೈಯಲ್ಲಿ ಒಂದು ಗೀರೂ ಇಲ್ಲ.

ಇವತ್ತು ಸಂಜೆ ಐದೂವರೆಗೆ ತಂತಿಯವನು ಭವನಕ್ಕೇ ಬಂದ. ತಂತಿ ಅಂದರೆ ಸಾವು ಅಂತಲೇ ನಮ್ಮ ತಲೆಯಲ್ಲಿ. ನೀನು ಹೋದೆ ಅಂದುಕೊಂಡು ಗೋಡೆ ಹಿಡಿದುಕೊಂಡೆ. ಅವನು ಓದಿದ. ನನಗೆ ತಲೆ ಬುಡ ತಿಳಿಯಲಿಲ್ಲ, ಆದರೆ ನೀನು ಸುಮ್ಮನೆ ಕೂಗುವವಳಲ್ಲ. ಹೊರಗೆ ಓಡಿದೆ.

ಉಳಿದ ಮಕ್ಕಳೆಲ್ಲ ಇಳಿದು ಕೈ ತೊಳೆಯುತ್ತಿದ್ದರು, ಟೀಚರ್ ಅವರ ಜೊತೆ. ಚೂಟಿಯೊಬ್ಬಳೇ ಮೇಲೆ, ಅಡ್ಡ ಬೊಂಬಿಲ್ಲದ ತುದಿಯಲ್ಲಿ. ಮೋಡ ಕವಿದು ಬೆಳಕು ಇಳಿಯುತ್ತಿತ್ತು. ಕೆಳಗೆ ಯಾರೂ ಇರಲಿಲ್ಲ. ಇರುತ್ತಿದ್ದವನನ್ನು ನಾನೇ ಓಡಿಸಿದ್ದೆ.

ಕೂಗಲು ಬಾಯಿ ತೆಗೆದೆ. ಕೂಗಿದರೆ ತಿರುಗುತ್ತಾಳೆ, ತಿರುಗಿದರೆ ಕಾಲು ಎಲ್ಲಿ ಇಡುತ್ತಾಳೋ ಅಂತ ಬಾಯಿ ಮುಚ್ಚಿಕೊಂಡೆ. ಚಪ್ಪಲಿ ಕಳಚಿ, ಸೀರೆ ಎತ್ತಿ ಕಟ್ಟಿ, ಏಣಿ ಹತ್ತಿದೆ. ಈ ಮೊಣಕಾಲು ಇಟ್ಟುಕೊಂಡು ಹೇಗೆ ಹತ್ತಿದೆ ಅಂತ ಆ ದೇವರನ್ನೇ ಕೇಳಬೇಕು. ಹಲಗೆ ಕಿರುಗುಟ್ಟಿತು. ಮಕ್ಕಳು ಓಡಾಡಿದರೂ ಹಾಗೇ ಕಿರುಗುಟ್ಟುತ್ತದೆ, ಅವಳು ತಿರುಗಲಿಲ್ಲ. ಹೋಗಿ ಅವಳ ಪಕ್ಕದಲ್ಲೇ ನಿಂತೆ ತಂಗೀ, ಒಂದು ಮೊಳ ದೂರದಲ್ಲಿ. ಅವಳು ಮುಂದೆ ನೋಡಿಕೊಂಡು, ನಾಲಿಗೆ ಕಚ್ಚಿಕೊಂಡು, ರೆಕ್ಕೆಗೆ ಒಂದು ಗರಿ ಬರೆಯುತ್ತಿದ್ದಳು. ನಾನು ಅಲ್ಲಿ ಇರಲೇ ಇಲ್ಲ ಅವಳಿಗೆ.

ಆ ಚಹಾ ಲೋಟ ನೆನಪಾಯಿತು. ನೋಡಿದರೂ ನೋಡದವಳ ಹಾಗೆ ಅಂತ ಬರೆದಿದ್ದೆನಲ್ಲ ನಿನಗೆ. ನೋಡೇ ಇರಲಿಲ್ಲ ಮಗು.

ಅಷ್ಟರಲ್ಲಿ ಕುಂಚ ಕೆಳಗಿಟ್ಟಳು. ರೆಕ್ಕೆ ಪೂರ್ತಿ ಅವಳ ಕಣ್ಣಿಗೆ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. ತಲೆ ಆ ಕಡೆ ಈ ಕಡೆ ಮಾಡಿದಳು. ಒಂದು ಹೆಜ್ಜೆ ಹಿಂದೆ ಇಟ್ಟಳು. ಎರಡನೆಯದಕ್ಕೆ ಕಾಲು ಎತ್ತಿದಳು.

ಜಡೆ ಸಿಕ್ಕಿತು ನನ್ನ ಕೈಗೆ. ಜಡೆ ಹಿಡಿದು ಎಳೆದೆ, ಇಬ್ಬರೂ ಹಲಗೆಯ ಮೇಲೆ ಕುಸಿದೆವು. ಬಣ್ಣದ ಡಬ್ಬಿ ಉರುಳಿ ಕೆಳಗೆ ಬಿತ್ತು. ಅದು ನೆಲಕ್ಕೆ ತಲುಪಿ ಸದ್ದಾಗುವಷ್ಟರಲ್ಲಿ ನಾನು ಹತ್ತು ಸಲ ದೇವರ ಹೆಸರು ಹೇಳಿದ್ದೆ.

"ದೊಡ್ಡಮ್ಮ, ಯಾವಾಗ ಬಂದೆ?" ಅಂದಳು.

ಏನಾಗಿದೆ ಇವಳಿಗೆ? ನಿನಗೆ ಮೊದಲೇ ಗೊತ್ತಿತ್ತಾ? ಅಂಚು ಅಂಚು ಅಂತ ಕೇಳಿದ್ದು ಇದಕ್ಕಾ? ಅವಳು ಎದ್ದಳು, ನಿಲ್ಲಿಸುತ್ತೇನೆ.

ನಿನ್ನ ಅಕ್ಕ


ಆಗಸ್ಟ್ ೧೯, ಸೋಮವಾರ

ತಂಗೀ,

ನಿನ್ನ ಕಾಗದ ಹದಿಮೂರನೇ ತಾರೀಕು ಬಂತು. ಆರು ದಿನದಿಂದ ಬರೆಯಲು ಕೂತು ಏಳುತ್ತಿದ್ದೇನೆ.

ನೀನು ಹೇಳಿದ ಹಾಗೆ ಕಿವಿಯ ಪಕ್ಕದಿಂದ ಕೈ ತಂದೆ. ಕೆನ್ನೆ ದಾಟಿತು, ಕಣ್ಣಿನ ಕೊನೆ ದಾಟಿತು. "ಕಾಣ್ತಾ?" ಅಂದೆ. "ಇನ್ನೂ ಇಲ್ಲ." ಮೂಗಿನ ನೇರಕ್ಕೆ ಇನ್ನು ನಾಲ್ಕು ಬೆರಳಿದೆ ಅನ್ನುವಾಗ "ಹಾಂ, ಬಂತು" ಅಂದಳು. ಎಡಗಡೆ ಇನ್ನೂ ಕಡಿಮೆ. ನಾನು ಒಳಗೆ ಹೋಗಿ ನೀರು ಕುಡಿದು ಬಂದೆ.

ಕಣ್ಣಿನ ಆಸ್ಪತ್ರೆಗೆ ಟೀಚರ್ ಜೊತೆಗೇ ಬಂದರು. ಡಾಕ್ಟರು ಕತ್ತಲ ಕೋಣೆಯಲ್ಲಿ ಕೂರಿಸಿ ನೋಡಿದರು. ವಂಶದ ಅದೇ ರೋಗ ಅಂದರು. ಎಷ್ಟು ಬೇಗ, ಎಷ್ಟು ನಿಧಾನ ಅಂತ ಹೇಳಲು ಬರುವುದಿಲ್ಲ, ನಡುವಿನ ನೋಟ ಬಹಳ ವರ್ಷ ಉಳಿಯಬಹುದು, ಸದ್ಯಕ್ಕೆ ತಮ್ಮಲ್ಲಿ ಇದಕ್ಕೆ ಮದ್ದಿಲ್ಲ ಅಂದರು. ತಾಯಿಯನ್ನೂ ಕರೆದುಕೊಂಡು ಬನ್ನಿ ಅಂದರು. ನಾನು ತಲೆಯಾಡಿಸಿದೆ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಚೂಟಿ ನನ್ನ ಸೆರಗು ಹಿಡಿದುಕೊಂಡು ಹೇಳಿದ ಮಾತು ಹಾಗೇ ಬರೆಯುತ್ತೇನೆ.

"ದೊಡ್ಡಮ್ಮ, ಅಮ್ಮನಿಗೆ ಹೇಳ್ಬೇಡ. ಅಮ್ಮ ಹೆದರ್ತಾಳೆ. ನಂಗೆ ಮೊದಲೇ ಗೊತ್ತಿತ್ತು. ಅಲ್ಲಿ ಅಮ್ಮನ ಕೈ ಹಿಡ್ಕೊಂಡು ಹೋಗುವಾಗ ನಾವಿಬ್ರೂ ಒಂದೇ ಕಲ್ಲಿಗೆ ಎಡವ್ತಿದ್ವಿ."

ನೋಡಿದೆಯಾ? ನೀನು ಅವಳಿಂದ ಮುಚ್ಚಿಟ್ಟೆ, ಅವಳು ನಿನ್ನಿಂದ ಮುಚ್ಚಿಟ್ಟಳು, ಅಮ್ಮ ನನ್ನಿಂದ ಮುಚ್ಚಿಟ್ಟಳು. ನಾನೊಬ್ಬಳು ಎರಡು ಕಣ್ಣೂ ನೆಟ್ಟಗಿದ್ದು ಕತ್ತರಿ ಹಿಡಿದು ಕೂತೆ.

ಅಪ್ಪನ ವಿಷಯ. ಇಪ್ಪತ್ತಾರು ವರ್ಷ ದಿನಾ ಬೆಳಗ್ಗೆ ದೇವರ ಮುಂದೆ ನಿಂತು "ಅವರ ಕುಡಿತ ಕ್ಷಮಿಸು" ಅಂತ ಬೇಡಿದ್ದೇನೆ. ಮಾಡದ ತಪ್ಪಿಗೆ ಕ್ಷಮೆ. ಈಗ ನಿಂತರೆ ಏನು ಬೇಡಬೇಕು ಅಂತ ತೋಚುವುದಿಲ್ಲ. ಸುಮ್ಮನೆ ನಿಲ್ಲುತ್ತೇನೆ. ಅವನಿಗೆ ತಿಳಿಯದ್ದು ಏನಿದೆ?

ಬಡಗಿಯ ಮನೆ ಹುಡುಕಿಕೊಂಡು ಹೋದೆ. ಅವನು ಹಲಗೆ ಉಜ್ಜುತ್ತಿದ್ದ. ಮೊದಲ ದಿನವೇ ಗೊತ್ತಾಗಿತ್ತಂತೆ, ಸಂಜೆ ಇಳಿಯುವಾಗ ಅವಳು ಕಾಲಿನಿಂದ ಮೆಟ್ಟಿಲು ತಡವುತ್ತಾಳೆ ಅಂತ. ಯಾರಿಗೂ ಹೇಳಬೇಡಿ ಅಂತ ಚೂಟಿ ಬೇಡಿಕೊಂಡಳಂತೆ. ಅದಕ್ಕೇ ದಿನಾ ಬಂದು ನಿಲ್ಲುತ್ತಿದ್ದ. ನಾನು ಕೈಮುಗಿದು, ತಪ್ಪಾಯ್ತಪ್ಪ ಅಂತ ತಡವರಿಸಿದೆ. "ಬಿಡಿ ಬೀಗದಮ್ಮ. ಬಯ್ಯೋದು ಬಂದಷ್ಟು ಚೆನ್ನಾಗಿ ಇದು ನಿಮಗೆ ಬರಲ್ಲ" ಅಂದ. ಮಾರನೇ ದಿನ ಬಂದು ಸಾರುವೆ ಬಿಚ್ಚಿಹಾಕಿದ. ಮೇಲಿನ ಹಕ್ಕಿ ಅರ್ಧಕ್ಕೇ ನಿಂತಿದೆ. ಬೇರೆ ಮಕ್ಕಳು ಅದನ್ನು ಮುಗಿಸುವುದು ಬೇಡ, ಹಾಗೇ ಇರಲಿ ಅಂತ ಟೀಚರ್ ಹೇಳಿದ್ದಾರೆ. ಚೂಟಿ ಈಗ ನೆಲದ ಮೇಲೆ ನಿಂತು, ಕೈಗೆಟುಕುವ ಜಾಗದಲ್ಲಿ ಹುಲ್ಲು ಬರೆಯುತ್ತಿದ್ದಾಳೆ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅವಳು ಒಂದು ಹೆಜ್ಜೆ ಹಿಂದೆ ಇಟ್ಟರೆ ಸಾಕು, ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಹಿಂದೆ ಇರುವುದು ಬರೀ ಸಮತಟ್ಟು ನೆಲ ಅಂತ ಗೊತ್ತಿದ್ದರೂ.

ಹೆದರಿಕೆ ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಸುಳ್ಳು ಇನ್ನು ಸಾಕು. ರಸ್ತೆಯಲ್ಲಿ ಅವಳು ನನ್ನ ಬಲಕ್ಕೆ ನಡೆದರೆ ಎಡಕ್ಕೆ ಹೆದರುತ್ತೇನೆ, ಎಡಕ್ಕೆ ನಡೆದರೆ ಬಲಕ್ಕೆ. ಅದಕ್ಕಿಂತ ಹೆಚ್ಚು, ಅಲ್ಲಿ ಒಬ್ಬಳೇ ರಸ್ತೆ ದಾಟುತ್ತಿರುವ ನಿನ್ನನ್ನು ನೆನೆದು ಹೆದರುತ್ತೇನೆ. ಬಟ್ಟೆ ಮಡಚುವ ಕೆಲಸ ಇಲ್ಲೂ ಸಿಗುತ್ತದೆ. ಹೊರಟು ಬಾ. ಬಸ್ಸು ಹತ್ತುವ ದಿನ ಬರೆ, ನಿಲ್ದಾಣದಲ್ಲಿ ನಾನಿರುತ್ತೇನೆ. ಎದುರಿಗೇ ನಿಂತಿರುತ್ತೇನೆ, ಪಕ್ಕದಲ್ಲಲ್ಲ.

ಇದರ ಜೊತೆ ಚೂಟಿ ಬರೆದ ಇನ್ನೊಂದು ಚಿತ್ರ ಇದೆ, ಆ ಮೂರರ ಕಾಲದ್ದೇ. ಕಳಿಸಲೆಂದು ಅದರ ಅಂಚನ್ನೂ ನಾನು ಆಗಲೇ ಕತ್ತರಿಸಿಟ್ಟಿದ್ದೆ, ನೀನು ಮೂರೇ ಕೇಳಿದ್ದಕ್ಕೆ ಉಳಿಯಿತು. ಕೀಲಿಗಳ ಚೀಟಿ ಬಿಚ್ಚಿ, ಅದರದ್ದು ಯಾವುದು ಅಂತ ಜೋಡಿಸಿ, ಮತ್ತೆ ಸುತ್ತ ಸೇರಿಸಿದ್ದೇನೆ. ಉಗ್ರಾಣ, ಹಿಂಬಾಗಿಲು, ಶೌಚಾಲಯ ಅಂತ ನನ್ನ ಅಕ್ಷರ ಅದರ ಮೇಲೆ ಇದೆ, ಇರಲಿ. ಅಂಟು ಹಾಕಿಲ್ಲ, ದಪ್ಪ ದಾರದಲ್ಲಿ ಹೊಲಿದಿದ್ದೇನೆ. ಚಿತ್ರ ಎಲ್ಲಿ ಮುಗಿಯುತ್ತದೆ, ಖಾಲಿ ಎಲ್ಲಿಂದ ಶುರುವಾಗುತ್ತದೆ ಅಂತ ಬೆರಳಾಡಿಸಿದರೆ ನಿನಗೆ ತಿಳಿಯುತ್ತದೆ. ಈ ಸಲ ಪೂರ್ತಿ ಕಾಗದ ಕಳಿಸುತ್ತಿದ್ದೇನೆ.

ಕೀಲಿಗಳಿಗೆ ಈಗ ಹೆಸರಿಲ್ಲ. ದಿನಾ ಭವನದ ಬಾಗಿಲ ಮುಂದೆ ಕಣ್ಣು ಮುಚ್ಚಿಕೊಂಡು, ಹಲ್ಲು ತಡವಿ, ಯಾವುದು ಯಾವ ಬೀಗದ್ದು ಅಂತ ಹುಡುಕುತ್ತೇನೆ. ಹದಿನೇಳರಲ್ಲಿ ನಿನ್ನೆಗೆ ಒಂಬತ್ತು ಗೊತ್ತಾದವು. ನೀನು ಬರುವಷ್ಟರಲ್ಲಿ ಉಳಿದವನ್ನೂ ಕಲಿತಿರುತ್ತೇನೆ.

ನಿನ್ನ ಅಕ್ಕ